ಪ್ರಾರ್ಥನೆಗೆ ಕೂತರೆ ಮನಸ್ಸು ಲೆಕ್ಕದ ಕಡೆ ಓಡುತ್ತದೆ, ಏನು ಮಾಡಲಿ?

ಪ್ರಶ್ನೆ: ಪಾಸ್ಟರ್, ಈ ವರ್ಷ ಸತ್ಯವೇದ (ಬೈಬಲ್) ಪೂರ್ತಿ ಓದಬೇಕು, ದಿನಾ ಬೆಳಿಗ್ಗೆ ಒಂದು ಗಂಟೆ ಪ್ರಾರ್ಥನೆ ಮಾಡಬೇಕು ಅಂತ ತೀರ್ಮಾನ ಮಾಡಿದ್ದೆ. ಯಜಮಾನರ ಕೆಲಸ ಹೋದ ಮೇಲೆ ಎಲ್ಲಾ ಹಳಿ ತಪ್ಪಿದೆ. ಮೊಣಕಾಲೂರಿದರೆ ಬಾಡಿಗೆ, ಫೀಸು, ಸಾಲದ ಕಂತೇ ನೆನಪಾಗುತ್ತದೆ. ಓದು ಎರಡು ತಿಂಗಳು ಹಿಂದೆ ಬಿದ್ದಿದೆ. ನನಗೆ ನಂಬಿಕೆನೇ ಇಲ್ವಾ?

ಉತ್ತರ: ಸಹೋದರಿ, ಮೊದಲು ಆ ಕೊನೆಯ ಮಾತಿಗೆ ಬರುತ್ತೇನೆ. ಇಷ್ಟು ಭಾರ ಹೊತ್ತುಕೊಂಡೂ ದಿನಾ ದೇವರ ಮುಂದೆ ಬಂದು ಕೂರುತ್ತಿದ್ದೀರಲ್ಲ, ನಂಬಿಕೆ ಇಲ್ಲದವರು ಹಾಗೆ ಬರುವುದಿಲ್ಲ. 13ನೇ ಕೀರ್ತನೆ ತೆಗೆದು ನೋಡಿ. ಇನ್ನೂ ಎಷ್ಟು ಕಾಲ ಅಂತ ದಾವೀದ ಒಂದರ ಹಿಂದೆ ಒಂದು, ನಾಲ್ಕು ಸಲ ದೇವರನ್ನೇ ಕೇಳುತ್ತಾನೆ. ಅದೂ ಪ್ರಾರ್ಥನೆನೇ, ಅಲ್ವಾ?

ಗುರಿ ಬಿಡದೆ ಇರುವುದು ಹೇಗೆ ಅಂತ ಯಾರು ಕೇಳಿದರೂ ನಾನು ತೆರೆಯುವುದು ಸತ್ಯವೇದದ ನೆಹೆಮೀಯನ ಪುಸ್ತಕ. ಅವನು ಪರ್ಷಿಯದ ರಾಜನ ಅರಮನೆಯಲ್ಲಿ ಸೇವೆ ಮಾಡುತ್ತಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ತಿಳಿದ ದಿನ ಅವನು ಕೂತು ಅತ್ತ, ಉಪವಾಸ ಮಾಡಿದ. ರಾಜನ ಮುಂದೆ ಬಾಯಿ ಬಿಡುವ ಅವಕಾಶ ಸಿಕ್ಕಿದ್ದು ಸುಮಾರು ನಾಲ್ಕು ತಿಂಗಳಾದ ಮೇಲೆ. ಅಷ್ಟು ದಿನ ಪ್ರಾರ್ಥಿಸಿದವನಿಗೆ ಭಯ ಹೋಗಿತ್ತಾ? ಇಲ್ಲ. ಮುಖ ಯಾಕೆ ಬಾಡಿದೆ ಅಂತ ರಾಜ ಕೇಳಿದಾಗ ಬಹಳ ಹೆದರಿದೆ ಅಂತ ಅವನೇ ಬರೆದಿದ್ದಾನೆ. ನಿನಗೇನು ಬೇಕು ಅಂತ ರಾಜ ಮತ್ತೆ ಕೇಳಿದ. ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ನೆಹೆಮೀಯ ಪ್ರಾರ್ಥನೆ ಮಾಡಿದ. ಎಷ್ಟು ಹೊತ್ತು ಸಿಕ್ಕಿರಬಹುದು ಹೇಳಿ, ಒಂದು ಉಸಿರಿನಷ್ಟು. ಒಂದು ಗಂಟೆ ಆಗಲಿಲ್ಲ ಅಂತ ಕೊರಗುವವರಿಗೆಲ್ಲ ನಾನು ಈ ಜಾಗ ತೋರಿಸುತ್ತೇನೆ.

ರಾಜ ಒಪ್ಪಿ ಕಳಿಸಿದ ಮೇಲೆ ನೆಹೆಮೀಯ ಯೆರೂಸಲೇಮಿಗೆ ಹೋಗಿ ಗೋಡೆ ಮತ್ತೆ ಕಟ್ಟಿಸುತ್ತಿದ್ದಾಗ ವಿರೋಧಿಗಳು, ಬಾ ಮಾತಾಡೋಣ ಅಂತ ನಾಲ್ಕು ಸಲ ಹೇಳಿಕಳಿಸಿದರು. ನಾಲ್ಕು ಸಲವೂ ಒಂದೇ ಉತ್ತರ: ದೊಡ್ಡ ಕೆಲಸದಲ್ಲಿದ್ದೇನೆ, ಇಳಿದು ಬರಲಾರೆ. ಚಿಂತೆಯೂ ಒಂದು ಸಲ ಬೇಡ ಅಂದರೆ ಸುಮ್ಮನಾಗುವುದಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಕರೆಯುತ್ತದೆ. ನೀವೂ ಮತ್ತೆ ಅದೇ ಉತ್ತರ ಕೊಡಬೇಕು. ಹತ್ತು ಸಲ ಮನಸ್ಸು ಓಡಿ ಹತ್ತು ಸಲ ವಾಪಸ್ ತಂದಿರಿ ಅಂದರೆ ಆ ಬೆಳಿಗ್ಗೆ ಹಾಳಾಗಲಿಲ್ಲ, ನೀವು ಹತ್ತು ಸಲ ದೇವರ ಕಡೆ ತಿರುಗಿದಿರಿ.

ನಾನು ಮಾಡುವುದನ್ನೇ ಹೇಳುತ್ತೇನೆ. ಸತ್ಯವೇದದ ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ. ಬಾಡಿಗೆ ನೆನಪಾಯಿತಾ, ಬಾಡಿಗೆ ಅಂತ ಬರೆಯಿರಿ. ಬರೆದಿದ್ದನ್ನೇ ದೇವರಿಗೆ ಹೇಳಿ: ಕರ್ತನೇ, ಹತ್ತನೇ ತಾರೀಕಿನೊಳಗೆ ಇಷ್ಟು ಬೇಕು, ನನಗೆ ದಾರಿ ಕಾಣುತ್ತಿಲ್ಲ. ಚಂದದ ಮಾತು ಬೇಕಾಗಿಲ್ಲ. ಪ್ರಾರ್ಥನೆಯಿಂದ ಎಳೆಯುತ್ತಿದ್ದ ವಿಷಯವೇ ಪ್ರಾರ್ಥನೆ ಆಗಿಬಿಡುತ್ತದೆ. ಎದ್ದ ಮೇಲೆ ಆ ಹಾಳೆ ನೋಡಿ, ನಿಮ್ಮ ಕೈಲಾಗುವ ಒಂದು ಕೆಲಸ ಅವತ್ತೇ ಮಾಡಿ. ನೆಹೆಮೀಯನ ಜನ ಪ್ರಾರ್ಥನೆ ಮಾಡಿದರು, ಹಗಲೂ ರಾತ್ರಿ ಕಾವಲನ್ನೂ ಇಟ್ಟರು. ಯಜಮಾನರು ಕೆಲಸ ಹುಡುಕುವುದು, ಸಾಲ ಕೊಟ್ಟವರ ಹತ್ತಿರ ಹೋಗಿ ಸಮಯ ಕೇಳುವುದು ಅಪನಂಬಿಕೆ ಅಲ್ಲ. ಸಭೆಯಲ್ಲಿ ನಂಬಿಕಸ್ತರಾದ ಒಬ್ಬರಿಗೆ ಪರಿಸ್ಥಿತಿ ಹೇಳಿಕೊಳ್ಳಿ, ಇಬ್ಬರೇ ನುಂಗಿಕೊಂಡು ಕೂರಬೇಡಿ.

ಇನ್ನು ಓದು. ಸತ್ಯವೇದದಲ್ಲಿ 1189 ಅಧ್ಯಾಯ ಇವೆ, ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರು ನಾಲ್ಕು ಬೇಕು. ನಿಮಗೆ ಬಾಕಿ ಇರುವುದೇ ಸುಮಾರು ಇನ್ನೂರು. ಆ ಬಾಕಿಯನ್ನು ಇವತ್ತೇ ಬಿಟ್ಟುಬಿಡಿ. ಓದಿನ ಗುರಿ ಕರ್ತನನ್ನು ತಿಳಿಯುವುದು, ಪಟ್ಟಿಗೆ ಟಿಕ್ ಹಾಕುವುದಲ್ಲ. ನಾಳೆ ಬೆಳಿಗ್ಗೆ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೆಹೆಮೀಯ 1ನೇ ಅಧ್ಯಾಯ ಓದಿ, ಹನ್ನೊಂದೇ ವಚನ.