ಸ್ಪಾನ್ಸರ್‌ಶಿಪ್‌ಗೆ ಎಷ್ಟು ದುಡ್ಡು ಕಟ್ಟಬೇಕು ಸಿಸ್ಟರ್? – ಹೊರದೇಶದ ಹೋಂ ನರ್ಸಿಂಗ್ ಕೆಲಸ: ಓದುಗರ ಪ್ರಶ್ನೆಗೆ ಉತ್ತರ

ಕೊಡಗಿನಿಂದ ನನಗೆ ಬರುವ ಪತ್ರ, ವಾಟ್ಸಾಪ್ ಸಂದೇಶಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇರುತ್ತವೆ. ಹೊರದೇಶದಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ, ಕಂಪನಿಯೇ ವೀಸಾ ಮಾಡಿಸುತ್ತದಂತೆ, ಇಷ್ಟು ಲಕ್ಷ ಕೇಳುತ್ತಿದ್ದಾರೆ, ಕೊಡಬಹುದಾ? ಕೇಳಿದವರಿಗೆಲ್ಲ ಉತ್ತರ ಹೇಳುತ್ತಲೇ ಬಂದಿದ್ದೇನೆ. ಆದರೂ ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ಗೋಣಿಕೊಪ್ಪದಿಂದ ಕುಶಾಲನಗರದವರೆಗೆ ಏಜೆಂಟರು ಕಾಣಿಸಿಕೊಳ್ಳುತ್ತಾರೆ, ಅವರ ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ. ಪಾಸ್‌ಪೋರ್ಟ್ ಮಾಡಿಸುವುದು, ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಿಸುವುದು ಇವನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಅಷ್ಟನ್ನು ತಾವೇ ಓಡಾಡಿ ಮಾಡಿಕೊಳ್ಳಲಾಗದವರು, ಗೊತ್ತಿಲ್ಲದ ದೇಶದಲ್ಲಿ ಒಬ್ಬರೇ ರೋಗಿಯ ಮನೆ ಬಾಗಿಲು ತಟ್ಟುವ ಕೆಲಸಕ್ಕೆ ಹೋಗಬಾರದು.

*ಮಗಳು ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಒಂದೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಇಂಗ್ಲೆಂಡಿನ ಹೋಂ ಕೇರ್ ಕಂಪನಿಯೊಂದು ‘ಹೋಂ ನರ್ಸ್’ ಕೆಲಸಕ್ಕೆ ಸಿಒಎಸ್ (ವೀಸಾಕ್ಕೆ ಬೇಕಾದ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್) ಕೊಡುತ್ತದಂತೆ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬೇಡವಂತೆ. ಏಜೆಂಟ್ 14 ಲಕ್ಷ ಕೇಳಿದ್ದಾರೆ, ಅರ್ಧ ಈಗಲೇ ಕೊಡಬೇಕು. ಒಡವೆ ಅಡವಿಟ್ಟು, ಬರುವ ವರ್ಷದ ಕಾಫಿಗೆ ವ್ಯಾಪಾರಿಯ ಹತ್ತಿರ ಮುಂಗಡ ತೆಗೆದುಕೊಳ್ಳೋಣ ಅನ್ನುತ್ತಾರೆ ಯಜಮಾನರು. ಏನು ಮಾಡಲಿ ಸಿಸ್ಟರ್?*
– ಹೆಸರು ಬೇಡ, ಸಿದ್ದಾಪುರ

ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ಒಡವೆ ಆಗಲೇ ಅಡವಿಟ್ಟಿದ್ದರೆ ಬಿಡಿಸಿಕೊಳ್ಳಿ. ಯಾಕೆ ಅಂತ ಹೇಳುತ್ತೇನೆ, ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಬ್ರಿಟನ್ನಿನಲ್ಲಿ ರೋಗಿಯ ಮನೆಗೆ ಹೋಗಿ ಮಾಡುವ ಕೆಲಸ ಎರಡು ಬಗೆಯದು. ಒಂದು ಕೇರ್ ವರ್ಕರ್ ಕೆಲಸ: ಮೀಯಿಸುವುದು, ಬಟ್ಟೆ ಬದಲಿಸುವುದು, ಊಟ ಮಾಡಿಸುವುದು, ಮಾತ್ರೆ ನೆನಪಿಸುವುದು. ಗೌರವದ ಕೆಲಸವೇ, ಆದರೆ ಅದಕ್ಕೆ ನಿಮ್ಮ ಮಗಳ ಜಿಎನ್‌ಎಂ ಬೇಕಿಲ್ಲ, ಅಲ್ಲಿ ಕಳೆದ ವರ್ಷಗಳು ನರ್ಸಿನ ಅನುಭವ ಅಂತ ಲೆಕ್ಕಕ್ಕೂ ಬರುವುದಿಲ್ಲ. ಇನ್ನೊಂದು ಕಮ್ಯುನಿಟಿ ನರ್ಸ್ ಕೆಲಸ. ಅದಕ್ಕೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ, ಅಂದರೆ ಎನ್‌ಎಂಸಿಯಲ್ಲಿ, ನೋಂದಣಿ ಆಗಲೇಬೇಕು. ವೀಸಾ ಕಡತದಲ್ಲಿ ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ ಇರುತ್ತದೆ: ಕೇರ್ ವರ್ಕರ್‌ಗೆ 6135, ಕಮ್ಯುನಿಟಿ ನರ್ಸ್‌ಗೆ 2232. ಏಜೆಂಟರನ್ನು ಮೊದಲು ಕೇಳಬೇಕಾದದ್ದು ಈ ಸಂಖ್ಯೆ. ಸಂಬಳ, ಊರು, ವಸತಿಯ ಮಾತೆಲ್ಲ ಆಮೇಲೆ.

2022ರ ಫೆಬ್ರವರಿಯಲ್ಲಿ ಬ್ರಿಟನ್ ಕೇರ್ ವರ್ಕರ್‌ಗಳಿಗೆ ಬಾಗಿಲು ತೆರೆಯಿತು. 2024ರ ಮಾರ್ಚ್ 11ರಿಂದ, ಹೊಸದಾಗಿ ಈ ದಾರಿಯಲ್ಲಿ ಬರುವವರು ಗಂಡ-ಮಕ್ಕಳನ್ನು ಕರೆತರುವಂತಿಲ್ಲ ಎಂದಿತು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವುದನ್ನೇ ನಿಲ್ಲಿಸಿತು. ಅಲ್ಲಿ ಆಗಲೇ ಇರುವವರು 2028ರ ಜುಲೈವರೆಗೆ ನಿಯಮಕ್ಕೊಳಪಟ್ಟು ಕೆಲಸ ಬದಲಾಯಿಸಬಹುದು, ಅಷ್ಟೆ. ಸಿದ್ದಾಪುರದಲ್ಲಿ ಕುಳಿತವರಿಗೆ 6135ರ ವೀಸಾ ಈಗ ಇಲ್ಲವೇ ಇಲ್ಲ. ನರ್ಸ್ ವೀಸಾ ಉಂಟು, ಆದರೆ ಅದು ಇಂಗ್ಲಿಷ್ ಪರೀಕ್ಷೆ ಬರೆಯದ, ಎನ್‌ಎಂಸಿಯ ಹೆಸರೇ ಕೇಳದ ಹುಡುಗಿಗೆ ಸಿಗುವುದಿಲ್ಲ. ಹಾಗಾದರೆ ಏಜೆಂಟ್ ಮಾರುತ್ತಿರುವುದು ಏನು? ಒಂದೋ ಸುಳ್ಳು ಕಾಗದ, ಇಲ್ಲವೇ ಸುಳ್ಳು ಹುದ್ದೆ ಬರೆದ ನಿಜ ಕಾಗದ. ಎರಡನೆಯದು ಇನ್ನೂ ಅಪಾಯ. ಮಗಳು ವಿಮಾನ ಹತ್ತಿ ಹೋಗಿಬಿಡುತ್ತಾಳೆ, ಸಿಕ್ಕಿಬಿದ್ದಾಗ ಸುಳ್ಳು ಹೇಳಿದವಳು ಅವಳೇ ಆಗುತ್ತಾಳೆ.

ಸಿಒಎಸ್ ಬಗ್ಗೆಯೂ ಹೇಳಬೇಕು. ಈಚೆಗೆ ಒಬ್ಬರು ನನ್ನ ಮುಂದೆ ಒಂದು ಹಾಳೆ ಹರಡಿದರು. ದಪ್ಪ ಕಾಗದ, ಮೂಲೆಯಲ್ಲಿ ಕಿರೀಟದ ಚಿತ್ರ, ಕೆಳಗೆ ದುಂಡು ಮೊಹರು, ಮೊಹರಿನ ಮೇಲೆ ‘ವೀಸಾ ಅಧಿಕಾರಿ’ಯ ಹಸಿರು ಶಾಯಿಯ ಸಹಿ, ಪಕ್ಕದಲ್ಲಿ ಹುಡುಗಿಯ ಪಾಸ್‌ಪೋರ್ಟ್ ಅಳತೆಯ ಫೋಟೊ. ಹುದ್ದೆಯ ಜಾಗದಲ್ಲಿ ‘ನರ್ಸ್’ ಅಂತ ಇತ್ತು, ಸಂಖ್ಯೆ ಮಾತ್ರ 6135. ಸಿಒಎಸ್ ಅನ್ನುವುದು ಹೀಗೆ ಗೋಡೆಗೆ ಕಟ್ಟು ಹಾಕಿಸುವ ಸರ್ಟಿಫಿಕೇಟ್ ಅಲ್ಲವೇ ಅಲ್ಲ. ಕಂಪನಿ ಅಲ್ಲಿನ ಗೃಹ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ತುಂಬುವ ದಾಖಲೆ ಅದು. ಅಭ್ಯರ್ಥಿಗೆ ಸಿಗುವುದು ಅದರ ಸಂಖ್ಯೆ. ಆ ಸಂಖ್ಯೆ ಸಿಕ್ಕ ಮೂರು ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು. ಕಂಪನಿಯ ಲೈಸೆನ್ಸ್ ಸಂಖ್ಯೆ, ಕೆಲಸದ ವಿಳಾಸ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು ಎಲ್ಲ ಅದರಲ್ಲಿ ಇರುತ್ತದೆ. ಇವನ್ನು ಬರಹದಲ್ಲಿ ಕೇಳಿ. ‘ಅದೆಲ್ಲ ಗುಟ್ಟು, ಈಗ ಕೊಡಲಿಕ್ಕೆ ಆಗುವುದಿಲ್ಲ’ ಅಂದರೆ ಮಾತು ಅಲ್ಲಿಗೆ ಮುಗಿಸಿ.

ಕಂಪನಿಯ ಹೆಸರು ಬ್ರಿಟಿಷ್ ಸರ್ಕಾರದ ಸ್ಪಾನ್ಸರ್ ಪಟ್ಟಿಯಲ್ಲಿ, ಅಂದರೆ ಹೊರದೇಶದವರನ್ನು ಕರೆಸಿಕೊಳ್ಳಲು ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿಯಲ್ಲಿ, ಇದೆ ಎಂದು ಏಜೆಂಟ್ ಮೊಬೈಲ್ ತೆಗೆದು ತೋರಿಸಬಹುದು. ಅಷ್ಟಕ್ಕೇ ನಂಬಬೇಡಿ. 2022ರ ಜುಲೈನಿಂದ 2024ರ ಡಿಸೆಂಬರ್ ನಡುವೆ ಕೇರ್ ಕ್ಷೇತ್ರದ 470ಕ್ಕೂ ಹೆಚ್ಚು ಕಂಪನಿಗಳ ಲೈಸೆನ್ಸನ್ನು ಅಲ್ಲಿನ ಸರ್ಕಾರವೇ ರದ್ದು ಮಾಡಿದೆ. ಅವುಗಳ ಜೊತೆ ನಂಟಿದ್ದ ಕೆಲಸಗಾರರು 39 ಸಾವಿರಕ್ಕೂ ಹೆಚ್ಚು. ಇವೆಲ್ಲ ಒಂದು ಕಾಲಕ್ಕೆ ಆ ಪಟ್ಟಿಯಲ್ಲೇ ಇದ್ದವು. ಲೈಸೆನ್ಸ್ ಹೋದರೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ, ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲವೇ ಊರಿಗೆ ಹೊರಡಬೇಕು. 14 ಲಕ್ಷ ಸಾಲ ತಲೆಯ ಮೇಲಿದ್ದವಳು ಆ 60 ದಿನದಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸುತ್ತಾಳೆ. ಸಂಬಳ ಅರ್ಧ ಕೊಟ್ಟರೂ ಬಾಯಿ ಬಿಡುವುದಿಲ್ಲ. ಅಂಥ ಹುಡುಗಿಯರ ಫೋನ್ ನನಗೆ ರಾತ್ರಿ ಹೊತ್ತು ಬರುತ್ತವೆ. ನನ್ನ ಸಿಟ್ಟಿಗೆ ಅದೇ ಕಾರಣ.

ಈಗ ದುಡ್ಡಿನ ಲೆಕ್ಕ. ಒಂದು ಸಿಒಎಸ್‌ಗೆ ಕಂಪನಿ ತನ್ನ ಸರ್ಕಾರಕ್ಕೆ ಕಟ್ಟುವ ಶುಲ್ಕ 2025ರ ಏಪ್ರಿಲ್‌ನಿಂದ 525 ಪೌಂಡ್, ನಮ್ಮ ದುಡ್ಡಿನಲ್ಲಿ ಸುಮಾರು 60 ಸಾವಿರ. ಆ ಶುಲ್ಕವನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ ಎಂದು 2024ರ ಡಿಸೆಂಬರ್ 31ರಿಂದ ನಿಯಮವಿದೆ. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರರಿಂದ ಏಜೆನ್ಸಿ ಹಣ ಕೀಳುವುದು ಅಲ್ಲಿ 1973ರ ಕಾಯ್ದೆ ಪ್ರಕಾರವೇ ತಪ್ಪು. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. 14 ಲಕ್ಷಕ್ಕೆ ಯಾವ ದೇಶದ ಕಾನೂನಿನಲ್ಲೂ ಜಾಗವಿಲ್ಲ. ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯೇ ನೋಡಿ. ‘ನಾನು ಬೆಂಗಳೂರಿನ ದೊಡ್ಡ ಏಜೆನ್ಸಿಯ ಸಬ್ ಏಜೆಂಟ್’ ಅಂದರೆ ಒಪ್ಪಬೇಡಿ, ಅವನು ನಿಮ್ಮ ನೆಂಟನೇ ಆಗಿರಲಿ. ನಮ್ಮ ಕಡೆ ಮೋಸ ನಡೆಯುವುದೇ ನೆಂಟಸ್ತಿಕೆಯ ದಾರಿಯಲ್ಲಿ, ಮದುವೆ ಮನೆಯಲ್ಲಿ ಮಾತು ಶುರುವಾಗಿ.

ಮಗಳು ಹೋಗಬಾರದು ಅಂತ ನಾನು ಹೇಳುತ್ತಿಲ್ಲ. ನರ್ಸ್ ಆಗಿ ಹೋಗಲಿ. ಎನ್‌ಎಂಸಿಗೆ ಜಿಎನ್‌ಎಂ ಸಾಕು. ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಬರೆಯಲಿ: ಓದು, ಆಲಿಸುವಿಕೆ, ಮಾತು ಮೂರಕ್ಕೂ ಬಿ, ಬರವಣಿಗೆಗೆ ಸಿ ಪ್ಲಸ್. ಐಇಎಲ್‌ಟಿಎಸ್ ಆದರೆ ಮೂರಕ್ಕೆ 7, ಬರವಣಿಗೆಗೆ 6.5. ಎನ್‌ಎಂಸಿಗಾಗಿ ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಅದರ ಲೆಕ್ಕದ ಭಾಗವನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಡೋಸ್ ಮತ್ತು ಡ್ರಿಪ್ ಲೆಕ್ಕ ದಿನಾ ಮಾಡಲಿ. ಅಲ್ಲಿಗೆ ಹೋದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಕೆಲಸ ಶುರುವಾಗುವ ದಿನದಿಂದ 12 ವಾರದೊಳಗೆ ಮೊದಲ ಸಲ ಕೂರಬೇಕು, ಎಂಟು ತಿಂಗಳೊಳಗೆ ಪಾಸಾಗಬೇಕು. ಅದರ ಶುಲ್ಕ 794 ಪೌಂಡ್, ಒಳ್ಳೆಯ ಆಸ್ಪತ್ರೆಗಳು ತಾವೇ ಕಟ್ಟುತ್ತವೆ. ಕರಾರಿನಲ್ಲಿ ‘ಇಷ್ಟು ವರ್ಷದೊಳಗೆ ಬಿಟ್ಟರೆ ಹಣ ವಾಪಸ್’ ಎಂಬ ಷರತ್ತು ಇದ್ದೇ ಇರುತ್ತದೆ. ಮೊತ್ತ ಎಷ್ಟು, ಯಾವುದಕ್ಕೆ, ತಿಂಗಳು ಕಳೆದ ಹಾಗೆ ಅದು ಇಳಿಯುತ್ತದೆಯೇ ಎಂದು ಸಹಿಗೆ ಮೊದಲು ಓದಬೇಕು.

ಇನ್ನೊಂದು ಮಾತು, ಇದು ನನ್ನ ಸ್ವಂತ ಅಭಿಪ್ರಾಯ, ಎಲ್ಲರೂ ಒಪ್ಪಬೇಕಿಲ್ಲ. ಒಂದೂವರೆ ವರ್ಷದ ಅನುಭವದವಳು ನೇರವಾಗಿ ಮನೆ ಶುಶ್ರೂಷೆಗೆ ಹೋಗಬಾರದು. ಮೊದಲು ಆಸ್ಪತ್ರೆಯ ವಾರ್ಡು, ಆಮೇಲೆ ಮನೆ. ವಾರ್ಡಿನಲ್ಲಿ ಅನುಮಾನ ಬಂದರೆ ಪಕ್ಕದ ಸಿಸ್ಟರನ್ನು ಕರೆಯಬಹುದು. ಮನೆಯಲ್ಲಿ ನೀವು, ರೋಗಿ, ಒಂದು ಬ್ಯಾಗು, ಅಷ್ಟೇ. ಕಾಲಿನಲ್ಲಿ ಒಣಗದ ಹುಣ್ಣಿರುವ ಅಜ್ಜಿಯ ಮನೆಗೆ ಹೋಗಿದ್ದೀರಿ ಅಂದುಕೊಳ್ಳಿ. ಪದರ ಪದರವಾಗಿ ಬಿಗಿ ಬ್ಯಾಂಡೇಜ್ ಸುತ್ತಬೇಕು. ಸುತ್ತುವ ಮೊದಲು ಕಾಲಿನ ರಕ್ತಸಂಚಾರವನ್ನು ಡಾಪ್ಲರ್ ಎಂಬ ಉಪಕರಣದಲ್ಲಿ ಆಲಿಸಿ, ಕಣಕಾಲಿನ ಬಿಪಿಯನ್ನು ತೋಳಿನ ಬಿಪಿ ಜೊತೆ ಹೋಲಿಸಬೇಕು. ಅಪಧಮನಿಯಲ್ಲೇ ತಡೆ ಇದ್ದು ನೀವು ಬಿಗಿದು ಬಂದರೆ ಕಾಲೇ ಹೋಗಬಹುದು. ಅಜ್ಜಿ ‘ಚೆನ್ನಾಗಿದ್ದೀನಿ, ಸುತ್ತು ಮಗಾ’ ಅನ್ನುತ್ತಾಳೆ. ಬೇಡ ಎಂದು ನಿರ್ಧರಿಸಿ, ಯಾಕೆಂದು ಬರೆದಿಟ್ಟು, ಡಾಕ್ಟರಿಗೆ ಫೋನ್ ಮಾಡುವ ಧೈರ್ಯ ಎರಡು ಮೂರು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಬರುತ್ತದೆ.

ಕಾರಿನ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಮನೆ ಶುಶ್ರೂಷೆಗೆ ಡ್ರೈವಿಂಗ್ ಬೇಕೇ ಬೇಕು. ಭಾರತದ ಲೈಸೆನ್ಸಿನಲ್ಲಿ ಅಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ಅಲ್ಲಿನ ಟೆಸ್ಟ್ ಪಾಸಾಗಬೇಕು. ತೋಟದ ದಾರಿಯಲ್ಲಿ ಜೀಪು ಓಡಿಸಿದ ಅಭ್ಯಾಸ ಆ ಟೆಸ್ಟಿಗೆ ಸಾಲದು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಸಮಯವೂ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಬೇಕು ಎಂಬುದು ಅಲ್ಲಿನ ಕಾನೂನು. ಅದನ್ನು ನುಂಗುವ ಕಂಪನಿಗಳು ಇವೆ, ಸಂಬಳದ ಚೀಟಿ ಪ್ರತಿ ತಿಂಗಳೂ ನೋಡಿ.

*ಕುವೈತ್‌ನಲ್ಲಿ ಒಂದು ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವ ನರ್ಸ್ ಕೆಲಸ, ‘20ನೇ ನಂಬರ್ ವೀಸಾ’. ಬಿಎಸ್‌ಸಿ ನರ್ಸಿಂಗ್ ಆಗಿದೆ, ಹೋಗಬಹುದೇ?*
– ನಾಪೋಕ್ಲು

20 ಅಂದರೆ ಮನೆಗೆಲಸದವರ ವೀಸಾ. ಖಾಸಗಿ ಕಂಪನಿ ನೌಕರರದು 18. ಮನೆಗೆಲಸದವರಿಗೆ ಅಲ್ಲಿ 2015ರ 68ನೇ ಸಂಖ್ಯೆಯ ಪ್ರತ್ಯೇಕ ಕಾನೂನು ಇದೆ, ಆದರೆ ಅದು ನಿಮ್ಮನ್ನು ನರ್ಸ್ ಎಂದು ಗುರುತಿಸುವುದಿಲ್ಲ. ಇಂಜೆಕ್ಷನ್ ಕೊಟ್ಟು ಏನಾದರೂ ಎಡವಟ್ಟಾದರೆ ನೀವು ಲೈಸೆನ್ಸ್ ಇಲ್ಲದೆ ಚಿಕಿತ್ಸೆ ಮಾಡಿದವರು. ನಾಲ್ಕು ವರ್ಷ ಓದಿದ ಪದವಿಯನ್ನು ಆ ಮನೆಯ ಅಡುಗೆಕೋಣೆಯಲ್ಲಿ ಕಳೆಯಬೇಡಿ.

*ನನ್ನದು ಇಸಿಎನ್‌ಆರ್ ಪಾಸ್‌ಪೋರ್ಟ್. ಸೌದಿಗೆ ನರ್ಸ್ ಆಗಿ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಡ ತಾನೇ?*
– ವಿರಾಜಪೇಟೆ

ಬೇಕು. ಇಸಿಎನ್‌ಆರ್ ಅಂದರೆ ಕೆಲಸಕ್ಕೆ ದೇಶ ಬಿಡಲು ಸರ್ಕಾರದ ವಲಸೆ ಅನುಮತಿ (ಎಮಿಗ್ರೇಷನ್ ಕ್ಲಿಯರೆನ್ಸ್) ಬೇಡವೆನ್ನುವ ಪಾಸ್‌ಪೋರ್ಟ್, ನಿಜ. ಆದರೂ ಸೌದಿ, ಕುವೈತ್‌ನಂಥ ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರಿಂದಲೇ ಅದು ಕಡ್ಡಾಯ. ಬೇಡ ಎಂದು ಹೇಳಿದವರನ್ನು ಇನ್ನು ಏನನ್ನೂ ಕೇಳಬೇಡಿ.

*ವಿಸಿಟ್ ವೀಸಾದಲ್ಲಿ ಲಂಡನ್‌ಗೆ ಹೋಗಿ ಅಲ್ಲೇ ವರ್ಕ್ ವೀಸಾ ಮಾಡಿಸಿಕೊಳ್ಳಬಹುದಂತೆ?*
– ಸುಂಟಿಕೊಪ್ಪ

ಆಗುವುದಿಲ್ಲ.

*ಪರೀಕ್ಷೆ ಬರೆಯದೆ ಐಇಎಲ್‌ಟಿಎಸ್, ಸಿಬಿಟಿ ಸರ್ಟಿಫಿಕೇಟ್ ಕೊಡಿಸುತ್ತಾರಂತೆ. ಗೆಳತಿ ಹಾಗೇ ಹೋಗಿದ್ದಾಳೆ.*
– ಸೋಮವಾರಪೇಟೆ

ಗೆಳತಿ ಹೋಗಿದ್ದಾಳೆ, ಅಲ್ಲೇ ಉಳಿಯುತ್ತಾಳೆ ಎಂದು ಯಾರು ಹೇಳಿದರು? ನೈಜೀರಿಯಾದ ಇಬಾದಾನ್ ನಗರದ ಒಂದು ಕೇಂದ್ರದಲ್ಲಿ ಸಿಬಿಟಿ ವಂಚನೆ 2023ರಲ್ಲಿ ಬಯಲಾದಾಗ, ಆಗಲೇ ಬ್ರಿಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ನರ್ಸ್‌ಗಳನ್ನೂ ಎನ್‌ಎಂಸಿ ಬಿಡಲಿಲ್ಲ. ಪ್ರಾಮಾಣಿಕವಾಗಿ ಬರೆದವರೂ ಮತ್ತೆ ಪರೀಕ್ಷೆಗೆ ಕೂರಬೇಕಾಯಿತು. ವೀಸಾ ಅರ್ಜಿಯಲ್ಲಿ ಸುಳ್ಳು ದಾಖಲೆ ಸಿಕ್ಕರೆ ಬ್ರಿಟನ್ 10 ವರ್ಷದ ತನಕ ಬಾಗಿಲು ಮುಚ್ಚುತ್ತದೆ. ಮಾತು ಅರ್ಥವಾಗದ ನರ್ಸ್ ರೋಗಿಯ ಪ್ರಾಣಕ್ಕೆ ಅಪಾಯ. ಇಂಥ ಸರ್ಟಿಫಿಕೇಟ್ ಮಾರುವವರನ್ನು ನಾನು ಏಜೆಂಟ್ ಎಂದೂ ಕರೆಯುವುದಿಲ್ಲ.

*ಅಮೆರಿಕದ ಹೋಂ ಹೆಲ್ತ್ ಕಂಪನಿ ಆರು ತಿಂಗಳಲ್ಲಿ ಗ್ರೀನ್ ಕಾರ್ಡ್ ಕೊಡಿಸುತ್ತದಂತೆ?*
– ಪೊನ್ನಂಪೇಟೆ

ನರ್ಸ್‌ಗಳು ಹೋಗುವ ಇಬಿ-3 ಎಂಬ ಗ್ರೀನ್ ಕಾರ್ಡ್ ವರ್ಗದ ಸಾಲಿನಲ್ಲಿ, ಭಾರತದಲ್ಲಿ ಹುಟ್ಟಿದವರ ಪೈಕಿ 2025ರಲ್ಲೂ 2013ರ ಅರ್ಜಿಗಳ ಸರದಿಯೇ ನಡೆಯುತ್ತಿತ್ತು. ಅಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರೆಯಿರಿ, ಒಳ್ಳೆಯದೇ. ಆರು ತಿಂಗಳ ಮಾತು ನಂಬಬೇಡಿ.

*ಆರು ತಿಂಗಳ ‘ಹೋಂ ನರ್ಸಿಂಗ್ ಡಿಪ್ಲೊಮಾ’ ಮಾಡಿದರೆ ಜರ್ಮನಿಗೆ ಹೋಗಬಹುದೇ?*
– ಕುಶಾಲನಗರ

ಇಲ್ಲ. ನರ್ಸಿಂಗ್ ಕೌನ್ಸಿಲ್ ಒಪ್ಪದ ಕೋರ್ಸಿಗೆ ದುಡ್ಡು ಕಟ್ಟಬೇಡಿ. ನಿಜವಾದ ನರ್ಸ್‌ಗಳೂ ಅಲ್ಲಿಗೆ ಹೋಗಲು ಜರ್ಮನ್ ಭಾಷೆಯನ್ನು ಬಿ2 ಮಟ್ಟಕ್ಕೆ ಕಲಿಯಲು ಒದ್ದಾಡುತ್ತಾರೆ.

*ಆಗಲೇ ಮೂರು ಲಕ್ಷ ಕೊಟ್ಟಾಗಿದೆ. ಪಾಸ್‌ಪೋರ್ಟೂ ಏಜೆಂಟ್ ಹತ್ತಿರ ಇದೆ. ಕೇಳಿದರೆ ಬಾಕಿ ಹಣ ಕೊಡಿ ಅನ್ನುತ್ತಾರೆ.*
– ಮಡಿಕೇರಿ

ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಬಾಕಿ ಕೊಡಬೇಡಿ. ಹಣ ಹಾಕಿದ ಬ್ಯಾಂಕ್ ದಾಖಲೆ, ವಾಟ್ಸಾಪ್ ಮಾತುಕತೆ, ಜಾಹೀರಾತಿನ ಫೋಟೊ ಎಲ್ಲ ಪ್ರಿಂಟ್ ತೆಗೆಸಿ ನಿಮ್ಮ ಠಾಣೆಯಲ್ಲಿ ದೂರು ಕೊಡಿ, ಹಿಂಬರಹ ಪಡೆಯಿರಿ. ಅದರ ಪ್ರತಿಯನ್ನು ವಲಸೆ ಹೋಗುವವರ ರಕ್ಷಣೆಗೆಂದು ಇರುವ ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೂ ಕಳಿಸಿ. ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ 1800113090. ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇವತ್ತೇ ಫೋನ್ ಮಾಡಿ. ದೂರು ಕೊಟ್ಟ ಮೇಲೆ ‘ಬನ್ನಿ, ಮಾತಾಡಿ ಮುಗಿಸೋಣ’ ಅಂತ ಕರೆ ಬರುತ್ತದೆ. ಒಬ್ಬರೇ ಹೋಗಬೇಡಿ, ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.