ತಿಂಗಳ ಕೊನೆಯ ದಿನದ ಸಾಲುಗಳು ಬರದಿದ್ದರೆ

ಡೇಟಾಬೇಸ್‌ನಿಂದ ಸಾಲುಗಳನ್ನು ತೆಗೆಯುವ SQL ಕ್ವೆರಿಯಲ್ಲಿ ಮಾರ್ಚ್ 1ರಿಂದ 31ರವರೆಗೆ ಎಂದು ಬಿಟ್ವೀನ್ (BETWEEN, ಎರಡು ಗಡಿಗಳ ನಡುವಿನದನ್ನು ಆರಿಸುವ ಷರತ್ತು) ಹಾಕಿದರೂ 31ರ ಆರ್ಡರ್‌ಗಳು ಬರುತ್ತಿಲ್ಲ ಅಂದಿದ್ದೀರಿ. ಬಹುಶಃ ಆ ಕಾಲಂನಲ್ಲಿ ದಿನಾಂಕದ ಜೊತೆ ಸಮಯವೂ ಇದೆ. ಆಗ ಬರೀ '2024-03-31' ಎಂದು ಕೊಟ್ಟರೆ ಡೇಟಾಬೇಸ್ ಅದನ್ನು 31ರ 00:00:00 ಎಂದೇ ಓದುತ್ತದೆ. ಬೆಳಿಗ್ಗೆ 9:15ರ ಆರ್ಡರ್ ಗಡಿಯಾಚೆ ಉಳಿಯಿತು, ಅಲ್ವಾ?

ಮೊದಲು ಕಾಲಂನ ಟೈಪ್, ಅಂದರೆ ಅದರಲ್ಲಿ ಯಾವ ಬಗೆಯ ಮಾಹಿತಿ ಇಡುತ್ತಾರೆ ಎಂಬುದನ್ನು ನೋಡಿ, ಅದನ್ನು ನೀವು ಹೇಳಿಲ್ಲ. ಡೇಟ್‌ಟೈಮ್ ಅಥವಾ ಟೈಮ್‌ಸ್ಟ್ಯಾಂಪ್ (ದಿನಾಂಕ, ಸಮಯ ಎರಡೂ ಇರುವ ಟೈಪ್‌ಗಳು) ಆಗಿದ್ದರೆ ಬಿಟ್ವೀನ್ ತೆಗೆದು ಎರಡು ಷರತ್ತು ಬರೆಯಿರಿ, ನಡುವೆ ಆಂಡ್ (AND) ಇರಲಿ:

ಆರ್ಡರ್_ಸಮಯ >= '2024-03-01'
ಆರ್ಡರ್_ಸಮಯ < '2024-04-01'

ಎರಡನೆಯದರಲ್ಲಿ ಸಮ ಚಿಹ್ನೆ ಬೇಡ. ತಿಂಗಳಿಗೆ 28 ದಿನವೋ 31 ದಿನವೋ ಎಂದು ಲೆಕ್ಕ ಹಾಕುವ ತಲೆನೋವೂ ಇಲ್ಲ.

ಬಿಟ್ವೀನ್‌ನಲ್ಲೇ ಕೊನೆಯ ದಿನಾಂಕಕ್ಕೆ 23:59:59 ಅಂಟಿಸುವ ಉಪಾಯವನ್ನು ತುಂಬಾ ಜನ ಹೇಳುತ್ತಾರೆ. ನಾನೂ ಮಾಡಿದ್ದೆ. ಕಾಲಂ ಮಿಲಿಸೆಕೆಂಡ್ ಇಟ್ಟುಕೊಂಡಿದ್ದರೆ 23:59:59.400ಕ್ಕೆ ಬಂದ ಸಾಲು ಸುಮ್ನೆ ಬಿಟ್ಟುಹೋಗುತ್ತದೆ. ಕಾಲಂಗೆ ಡೇಟ್ ಫಂಕ್ಷನ್ (ಸಮಯ ಬಿಟ್ಟು ದಿನಾಂಕ ಮಾತ್ರ ಕೊಡುವುದು) ಸುತ್ತಿದರೆ ಉತ್ತರ ಸರಿ ಬರುತ್ತದೆ, ಆದರೆ ಸಾಮಾನ್ಯವಾಗಿ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಕೆಲಸಕ್ಕೆ ಬರುವುದಿಲ್ಲ. ಟೇಬಲ್ ದೊಡ್ಡದಾದರೆ ಕ್ವೆರಿ ತೆವಳುತ್ತದೆ.

ಇಷ್ಟಾದ ಮೇಲೂ ನಡುರಾತ್ರಿಯ ಆಸುಪಾಸಿನ ಸಾಲುಗಳು ಮಾತ್ರ ಹೆಚ್ಚುಕಮ್ಮಿ ಆಗುತ್ತಿದ್ದರೆ ಟೈಮ್‌ಝೋನ್ ನೋಡಿ. ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯ) ಇದ್ದರೆ ಕಾಲಂ ಮುಟ್ಟಬೇಡಿ, ನೀವು ಕೊಡುವ ಎರಡು ಗಡಿಗಳನ್ನೇ ಯುಟಿಸಿಗೆ ಬದಲಿಸಿ.

ಕಾಲಂ ವಾರ್‌ಚಾರ್ (ಬರೀ ಅಕ್ಷರಗಳ ಸಾಲು ಇಡುವ ಟೈಪ್) ಆಗಿ '31-03-2024' ಅಂತ ಇದ್ದರೆ ಮೇಲಿನದು ಯಾವುದೂ ನಡೆಯದು. ಅಲ್ಲಿ ಹೋಲಿಕೆ ಅಕ್ಷರಗಳದ್ದು. ಮೊದಲು ಟೈಪ್ ಬದಲಿಸಿಕೊಳ್ಳಿ.