‘ಬೇಜಾರು’ ಅಂದರೆ ಏನು ಅಂತ ಬಿಡಿಸಿ ಹೇಳಿ

ಜಯನಗರದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಹೊರಟಿರುವ ನಿಮ್ಮ ಪ್ರಶ್ನೆ ಇಷ್ಟು: ಮನಸ್ಸು ಕೆಟ್ಟರೆ ಅಲ್ಲಿನ ಕೌನ್ಸೆಲರ್‌ಗೆ ನಮ್ಮವರ ಕಷ್ಟ ಅರ್ಥವಾಗುತ್ತಾ, ಇಲ್ಲ ಕನ್ನಡದವರನ್ನೇ ಹುಡುಕಬೇಕಾ? ಅರ್ಥವಾಗುತ್ತದೆ. ಆದರೆ ತಾನಾಗಿಯೇ ಅಲ್ಲ, ನೀವು ಬಿಡಿಸಿ ಹೇಳಿದರೆ.

ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಿ, ಹಾಗಾಗಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ನಿಮಗೂ ಸೇರಿದ್ದು. ಇಳಿದ ವಾರವೇ ಹತ್ತಿರದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಬಳಿ ಹೆಸರು ಬರೆಸಿ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್ ಎಂಬ, ಮಾತಿನ ಮೂಲಕ ಚಿಕಿತ್ಸೆ ಕೊಡುವ ಸೇವೆಗೆ ಜಿಪಿ ಚೀಟಿ ಬೇಕಿಲ್ಲ, ಆನ್‌ಲೈನಲ್ಲಿ ನೀವೇ ಅರ್ಜಿ ಹಾಕಬಹುದು. ದುಭಾಷಿ ಬೇಕಿದ್ದರೆ ಅರ್ಜಿಯಲ್ಲೇ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗೆಳೆಯರನ್ನು ದುಭಾಷಿ ಮಾಡಿಕೊಂಡು ಮಾತ್ರ ಹೋಗಬೇಡಿ.

ಎಡವಟ್ಟು ಶುರುವಾಗುವುದು ಖಿನ್ನತೆ ಅಳೆಯಲು ಅವರು ಕೊಡುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಮೊದಲನೆಯದು ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಎರಡನೆಯದು ಮನಸ್ಸು ಕುಗ್ಗಿರುವುದು. ನಮ್ಮ ‘ಬೇಜಾರು’ ಎರಡರಲ್ಲೂ ಕಾಲಿಟ್ಟು ನಿಂತಿರುತ್ತದೆ. ಭಾನುವಾರ ಹೊತ್ತು ಹೋಗದಿದ್ದರೂ ಬೇಜಾರು, ಅಕ್ಕ ಮಾತು ಬಿಟ್ಟರೂ ಬೇಜಾರು, ಸಾವಿನ ಮನೆಯಿಂದ ಬಂದರೂ ಬೇಜಾರು. ಅದನ್ನು ‘ಬೋರ್’ ಅಂದಿರೋ, ಎದುರಿಗಿರುವವರು ಹಗುರವಾಗಿ ಬರೆದುಕೊಂಡು ಮುಂದೆ ಹೋಗುತ್ತಾರೆ. ಸತ್ತರೆ ಚೆನ್ನ ಅನ್ನಿಸುತ್ತದೆಯಾ ಎಂದು ಕೇಳುವ 9ನೆಯ ಪ್ರಶ್ನೆಯಲ್ಲಿ ಇದರ ಉಲ್ಟಾ. ‘ಸಾಕಪ್ಪಾ, ಸತ್ತರೆ ಸಾಕು’ ಅಂತ ನಾವು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೂ ಅನ್ನುತ್ತೇವೆ. ಇಲ್ಲಿ ಹಾಗಂದರೆ ಅದರ ಮೇಲೇ ಹತ್ತು ಪ್ರಶ್ನೆ ಬರುತ್ತವೆ. ಬರೀ ಮಾತಿನ ಧಾಟಿಯಾಗಿದ್ದರೆ ಹಾಗೆಂದೇ ಹೇಳಿ. ನಿಜವಾಗಿ ಆ ಯೋಚನೆ ಬರುತ್ತಿದ್ದರೆ ಮುಚ್ಚಿಡಬೇಡಿ: ಎನ್‌ಎಚ್‌ಎಸ್‌ನ 111ಕ್ಕೆ ಫೋನ್ ಮಾಡಿ 2 ಒತ್ತಿ, ಇಲ್ಲವೇ ಸಮಾರಿಟನ್ಸ್ ಎಂಬ ಸೇವಾಸಂಸ್ಥೆಯ ಸಹಾಯವಾಣಿ 116 123. ಎರಡೂ ಹಗಲು ರಾತ್ರಿ ಇರುತ್ತವೆ.

ಇನ್ನೊಂದು, ಮೈನೋವಿನ ಮಾತು. ನಮ್ಮ ನಿಮ್ಹಾನ್ಸ್‌ನಲ್ಲೇ 80 ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು: ಖಿನ್ನತೆಯ ಲಕ್ಷಣ ಹೆಚ್ಚಿದ್ದಷ್ಟೂ ಕಳಂಕದ ಭಾವನೆ ಹೆಚ್ಚು, ಮೈಯ ದೂರುಗಳು ಹೆಚ್ಚಿದ್ದಷ್ಟೂ ಅದು ಕಡಿಮೆ. ತಲೆನೋವು ಅಂದರೆ ಯಾರ ಮದುವೆಯೂ ನಿಲ್ಲುವುದಿಲ್ಲವಲ್ಲ! ಆದರೆ ಜಿಪಿ ಕೊಡುವುದು ಹತ್ತು ನಿಮಿಷದ ಆಸುಪಾಸು. ಅಷ್ಟನ್ನೂ ಗ್ಯಾಸ್, ಎದೆಭಾರಕ್ಕೇ ಖರ್ಚು ಮಾಡಿದರೆ ಆ್ಯಸಿಡಿಟಿ ಮಾತ್ರೆ ಹಿಡಿದು ವಾಪಸ್ ಬರುತ್ತೀರಿ. ‘3 ವಾರದಿಂದ ನಿದ್ದೆ ಇಲ್ಲ, ಕ್ಲಾಸಿಗೆ ಹೋಗಿಲ್ಲ’ ಅಂತಲೇ ಬಾಯಿ ತೆರೆಯಿರಿ, ಎದೆಭಾರ ಆಮೇಲೆ.

‘ಅಪ್ಪನನ್ನು ಕೇಳಿ ಹೇಳುತ್ತೇನೆ’ ಅನ್ನುವುದು ಇಲ್ಲಿ ಕೆಲವರ ಕಿವಿಗೆ ಸ್ವಂತ ಬುದ್ಧಿ ಇಲ್ಲ ಎಂದು ಕೇಳಿಸೀತು. ಬಂಧುಬಳಗದ ನಡುವೆಯೇ ‘ನಾನು’ ಎಂಬುದು ರೂಪುಗೊಳ್ಳುವ ಸಮಾಜಗಳಿವೆ ಎಂದು ಮಾರ್ಕಸ್ ಮತ್ತು ಕಿಟಯಾಮ ಎಂಬ ಮನೋವಿಜ್ಞಾನಿಗಳು 1991ರಲ್ಲೇ ಬರೆದರು. ಅದನ್ನು ಓದಿದ ಕೌನ್ಸೆಲರ್‌ಗಳೆಲ್ಲ ನಿಮ್ಮೆದುರು ಕೂತಾಗ ನೆನಪಿಟ್ಟಿರುವುದಿಲ್ಲ. ಮನೋರೋಗಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರಲ್ಲಿ ಇದಕ್ಕೆಂದೇ 16 ಪ್ರಶ್ನೆಗಳ ಸಂದರ್ಶನವಿದೆ, ಹೆಸರು ಕಲ್ಚರಲ್ ಫಾರ್ಮುಲೇಶನ್ ಇಂಟರ್‌ವ್ಯೂ. ನಿಮ್ಮ ತೊಂದರೆಯನ್ನು ನೀವು ಏನೆಂದು ಕರೆಯುತ್ತೀರಿ, ಅದು ಯಾಕೆ ಬಂತು ಅಂತ ಮನೆಯವರು ಅನ್ನುತ್ತಾರೆ, ಇದುವರೆಗೆ ಎಲ್ಲಿ ಸಹಾಯ ಕೇಳಿದ್ದೀರಿ, ಇಂಥವು. ಅವರು ಕೇಳಲಿ ಬಿಡಲಿ, ಈ ಮೂರಕ್ಕೆ ಅರ್ಧ ಪುಟ ಉತ್ತರ ಬರೆದುಕೊಂಡು ಹೋಗಿ. ಅಜ್ಜಿ ದೃಷ್ಟಿ ತೆಗೆದದ್ದು, ಹರಕೆ ಹೊತ್ತದ್ದು, ಎಲ್ಲವೂ ಇರಲಿ.

ಕನ್ನಡದವರೇ ಸಿಕ್ಕರೆ ಭಾಷೆಯ ಕಷ್ಟ ತಪ್ಪುತ್ತದೆ. ಆದರೆ ಊರಿನಲ್ಲಿ ಕನ್ನಡದವರು ಬೆರಳೆಣಿಕೆಯಷ್ಟಿದ್ದರೆ ಯುಗಾದಿ ಊಟಕ್ಕೆ ಅವರೇ ಪಕ್ಕದ ಎಲೆಯಲ್ಲಿ ಕೂತಿರಬಹುದು. ‘ನೀವು ಯಾವ ಕಡೆಯವರು’ ಎಂಬ ಪ್ರಶ್ನೆಯ ಹಿಂದೆ ಏನಿದೆ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಯಾರೇ ಆಗಲಿ, ಬೋರ್ಡು ನಂಬಬೇಡಿ: ‘ಕೌನ್ಸೆಲರ್’, ‘ಸೈಕಾಲಜಿಸ್ಟ್’ ಎಂದು ಇಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದು. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅನ್ನಲು ಇಂಥ ವೃತ್ತಿಗಳ ನಿಯಂತ್ರಣ ಸಂಸ್ಥೆ ಎಚ್‌ಸಿಪಿಸಿಯ ನೋಂದಣಿ ಬೇಕು; ಹೆಸರು ಅವರ ಜಾಲತಾಣದಲ್ಲಿ ಸಿಗುತ್ತದೆ.

ಮೂರು ಸಲ ಕೂತ ಮೇಲೂ ನಿಮ್ಮ ಪರೀಕ್ಷೆ, ಬಾಡಿಗೆ, ಒಂಟಿತನ ಎಲ್ಲವನ್ನೂ ‘ನಿಮ್ಮ ಸಂಸ್ಕೃತಿ’ ಎಂಬ ಒಂದೇ ಗೂಟಕ್ಕೆ ಕಟ್ಟುತ್ತಿದ್ದರೆ ಬೇರೆಯವರನ್ನು ಕೊಡಿ ಅಂತ ಕೇಳಿ. ಇಲ್ಲಿ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.